ಆಟದ ಕೋಟಿಗೆ ನಗಾರಿ ಬಾರಿಸಿದ ಆ್ಯಪ್‌ ಮಹೋದಯರಿಗೆ

ಮಾನ್ಯ ಆಪ್ಷನ್ ಟ್ರೇಡಿಂಗ್ ಆ್ಯಪ್ ಮಹೋದಯರೇ,

ಮುಂಬೈಯ ವಿಲೆ ಪಾರ್ಲೆ ಸ್ಟೇಷನ್ ಬಳಿಯ ನಮ್ಮ ಪುಟ್ಟ ಹೋಟೆಲಿನ ಗಲ್ಲಾದಲ್ಲಿ ಕೂರುವ ನೀಲಾವತಿಯ ಸಾದರ ನಮಸ್ಕಾರಗಳು. ತಾವು ನನ್ನ ಮೊಬೈಲಿನಲ್ಲಿ ಸುಖವಾಗಿದ್ದು, ಬ್ಯಾಟರಿಯನ್ನು ಯಥೇಚ್ಛವಾಗಿ ಸೇವಿಸುತ್ತಿರುವುದು ಕಂಡು ಸಂತೋಷವಾಗಿದೆ.

"ಅಮ್ಮಾ, ಪೆಹಲೇ ನಕಲಿ ಪೈಸೆಯಲ್ಲಿ ಕಲಿ, ಅಸಲಿ ಆಮೇಲೆ" ಎಂದು ಮಗಳು ಯಕ್ಷಿತಾ ಷರತ್ತು ಹಾಕಿದ್ದರಿಂದ, ತಾವು ದಯಪಾಲಿಸಿದ ಆಟದ ದುಡ್ಡಿನಲ್ಲೇ ಮಳೆಗಾಲ ಪೂರ್ತಿ ಅಭ್ಯಾಸ ಮಾಡಿ, ತಮ್ಮ ಕೃಪೆಯಿಂದ ಕೋಟ್ಯಧಿಪತಿಯೂ ಆದೆ. ಆದರೆ ಆ ಶುಭವಾರ್ತೆಯನ್ನು ತಾವು ಮಧ್ಯಾಹ್ನದ ಊಟದ ಗದ್ದಲದಲ್ಲಿ ನಗಾರಿ ಬಾರಿಸಿ, "ಅಭಿನಂದನೆ! ನೀವೀಗ ಕೋಟ್ಯಧಿಪತಿ!" ಎಂದು ಕೂಗಿ ಸಾರಿದ್ದು ನನ್ನ ಯೋಗ್ಯತೆಗೆ ಮೀರಿದ ಗೌರವವಾಯಿತು.

ಕಲಬುರಗಿ ಕಡೆಯ ನಮ್ಮ ಅಡುಗೆಯ ಬಂಡೆಪ್ಪನವರು ಸೌಟು ಹಿಡಿದೇ ಹೊರಗೆ ಬಂದರು. ಮರುದಿನ ಕರವಸ್ತ್ರದಲ್ಲಿ ಕಟ್ಟಿದ ದುಡ್ಡು ತಂದು, "ಅಕ್ಕಾರ, ಮಗಳ ನರ್ಸಿಂಗ್ ಕಾಲೇಜಿನ ಫೀ ಐತ್ರಿ. ಇದನ್ನೂ ಅದರಾಗ ಹಾಕ್ರಿ, ಡಬಲ್ ಆದ್ರ ಸಾಕು" ಎಂದರು. ನನ್ನ ಕೋಟಿ ಸುಳ್ಳಿನದೆಂದು ಎಷ್ಟು ಹೇಳಿದರೂ ನಂಬಲಿಲ್ಲ. "ನಿಮಗಷ್ಟೇ ಬೇಕೇನ್ರಿ? ಬಿಡ್ರಿ, ನಾನೇ ಖಾತೆ ತೆರೀತೀನಿ" ಎಂದು ಮುನಿಸಿಕೊಂಡರು. ಆ ದಿನ ಸಾಂಬಾರಿಗೆ ಉಪ್ಪು ಬೀಳಲಿಲ್ಲ.

ಬೇರೆ ದಾರಿ ಕಾಣದೆ, ನಿಜದ ಆಟ ಹೇಗಿರುತ್ತದೆಂದು ತೋರಿಸಲು, ಸೀರೆಗೆಂದು ಎತ್ತಿಟ್ಟ ದುಡ್ಡಿನಿಂದ ಅವರ ಕಣ್ಣೆದುರೇ ನನ್ನ ಮೊದಲ ಅಸಲಿ ಕಾಲ್ ಆಪ್ಷನ್ ಕೊಂಡೆ. ಮಾರ್ಕೆಟ್ ಮಧ್ಯಾಹ್ನ ಮೂರೂವರೆಯೊಳಗೆ ಇಂತಿಷ್ಟು ಏರಿದರೆ ಲಾಭ, ಇಲ್ಲವಾದರೆ ಕೊಟ್ಟದ್ದು ಪೂರ್ತಿ ಹೋಗುತ್ತದೆ, ಅದಕ್ಕಿಂತ ಒಂದು ಪೈಸೆಯೂ ಹೆಚ್ಚು ಹೋಗುವುದಿಲ್ಲ ಎಂದು ಮೊದಲೇ ತಿಳಿಸಿದೆ. ಮಾರ್ಕೆಟ್ ಏರಿತು, ಬಂಡೆಪ್ಪನವರು ಚಪ್ಪಾಳೆ ತಟ್ಟಿದರು. ಆದರೆ ನನ್ನ ದುಡ್ಡು ಮಾತ್ರ ಗಂಟೆಗಂಟೆಗೂ ಕರಗಿ, ಮಾರ್ಕೆಟ್ ಬಾಗಿಲು ಹಾಕುವ ಹೊತ್ತಿಗೆ ಸೊನ್ನೆಯಾಯಿತು.

"ಮಾರ್ಕೆಟ್ ಮ್ಯಾಲ ಹೋತಲ್ರೀ, ರೊಕ್ಕ ಎಲ್ಲಿ ಹೋತು?"

"ಬೇಕಾದಷ್ಟು ಮೇಲೆ ಹೋಗಲಿಲ್ಲ ಬಂಡೆಪ್ಪ, ಅಷ್ಟರಲ್ಲಿ ಹೊತ್ತೂ ಮುಗಿಯಿತು."

ಅವರು ಏಪ್ರನ್ ಬಿಚ್ಚದೆ ಬ್ಯಾಂಕಿಗೆ ಓಡಿ ಫೀ ಕಟ್ಟಿ ಬಂದರು. ಆಮೇಲೆ ನನ್ನ ಮುಂದೆ ಚಹಾ ಇಟ್ಟು, "ನಿಮ್ಮ ಸೀರಿ ಹೋತಲ್ರೀ ಅಕ್ಕಾರ" ಎಂದು ಕಣ್ಣು ತುಂಬಿಕೊಂಡರು. ನನಗೋ ನಗು ತಡೆಯಲಾಗಲಿಲ್ಲ. ಹೋದ ಸೀರೆಗಿಂತ ಉಳಿದ ಫೀ ನೆನೆದು ಮನಸ್ಸು ಹಗುರವಾಗಿತ್ತು.

ಆದ್ದರಿಂದ ತಮ್ಮಲ್ಲಿ ವಿನಂತಿ: ಅಂದಿನ ಅಸಲಿ ನಷ್ಟಕ್ಕೆ ತಾವು ಒಮ್ಮೆ ಕೆಮ್ಮಲೂ ಇಲ್ಲವಾದ್ದರಿಂದ, ಇನ್ನು ಮುಂದೆ ಸೋತವರ ಮನೆಗೆ ಖುದ್ದಾಗಿ ದಯಮಾಡಿಸಿ, ಬರುವಾಗ ಒಂದು ಸೀರೆಯನ್ನೂ ತಂದು ಸಮಾಧಾನ ಹೇಳಬೇಕಾಗಿ ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನೀಲಾವತಿ

ತಾ.ಕ.: ಈ ಪತ್ರ ಬರೆಯುತ್ತಿರುವಾಗಲೇ, ನನಗೆ 'ಅನುಭವಿ ಟ್ರೇಡರ್' ಆಗಿ ಬಡ್ತಿ ನೀಡಿರುವ ತಮ್ಮ ಸಂದೇಶ ತಲುಪಿತು. ಒಂದೇ ಸಲ ಸೋತವಳಿಗೆ ಈ ಪದವಿಯಾದರೆ, ತಮ್ಮಲ್ಲಿ 'ಪರಿಣತ' ಎನಿಸಿಕೊಂಡವರ ಮನೆಯಲ್ಲಿ ಏನೇನು ಉಳಿದಿದೆ ಎಂದು ವಿಚಾರಿಸಲು ಧೈರ್ಯ ಬರುತ್ತಿಲ್ಲ.