ಕಥೆ ಕೇಳಲು ಬಂದ ಬ್ಲಾಗಿಗರು

ಕೆಲವು ತಿಂಗಳಿಂದ ನನ್ನ ಬ್ಲಾಗಿನ ಗಂಟಲು ಕಟ್ಟಿತ್ತು. ಗೋಳಗುಮ್ಮಟದ ಮೇಲೆ ಬರೆದಾಯಿತು, ಬಿಸಿಲಿನ ಮೇಲೆ ಬರೆದಾಯಿತು, ಹೆಂಡತಿಯ ಮೇಲೆ ಬರೆದು ಎರಡು ದಿನ ಖಾನಾವಳಿಯಲ್ಲಿ ಉಂಡದ್ದೂ ಆಯಿತು. ಇನ್ನು ಏನಾದರೂ ಹೊಸದನ್ನು ಬರೆಯದಿದ್ದರೆ ಉಳಿದ ಓದುಗರೂ ಕೈಬಿಡುವ ಹಾಗಿತ್ತು. (ಉಳಿದವರಲ್ಲಿ ಒಬ್ಬ ನನ್ನ ಭಾವಮೈದುನ. ಅವನೂ ಈಚೆಗೆ ‘ಓದೇನಿ’ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದ.)

ಆಗ ಒಂದು ದಿವ್ಯ ಉಪಾಯ ಹೊಳೆಯಿತು. ಬ್ಲಾಗು ಬರೆಯುವ ಮೂವರನ್ನು ಸಂಜೆ ಚಹಾಕ್ಕೆ ಕರೆಯುವುದು. ಅವರು ಮಾತಾಡುವುದು, ನಾನು ಕಿವಿ ತೆರೆದು ಕೂರುವುದು. ಬರೆಯುವ ಸರಕು ತಾನಾಗಿ ಮನೆಗೆ ಬರುತ್ತದೆ! ಮಮದಾಪುರದ ಕೆರೆಯಲ್ಲಿ ಮೊನ್ನೆ ನಡೆದ ಪ್ರಸಂಗವೊಂದು ನನ್ನ ಬಳಿಯೂ ಇತ್ತು. ಮಾನ ಉಳಿಸಿಕೊಂಡು ಅದನ್ನು ಬರೆಯುವ ದಾರಿ ಇನ್ನೂ ಸಿಕ್ಕಿರಲಿಲ್ಲ. ಅದನ್ನು ಮಾತ್ರ ಬಾಯಿ ಬಿಡಬಾರದೆಂದು ನಿರ್ಧರಿಸಿದೆ.

“ಬ್ಲಾಗ್ ಬರಿಯೂ ಮಂದಿ ಹೆಂಗಿರ್ತಾರ್ರಿ?” ಹೆಂಡತಿ ಗೌರಾಬಾಯಿಗೆ ಎಲ್ಲಿಲ್ಲದ ಕುತೂಹಲ.

“ನನ್ನಂಗ ಇರ್ತಾರ.”

“ಹಂಗಾದ್ರ ಭಜಿ ಜಾಸ್ತಿ ಮಾಡತೇನಿ.”

ಜೋರಾಪುರ ಪೇಟೆಯ ನಮ್ಮ ಮನೆಗೆ ಮೂವರೂ ಬಂದರು. ಗೋಳಗುಮ್ಮಟದ ಬಳಿ ಟೋಪಿ, ಕನ್ನಡಕ ಮಾರುವ ರಿಜ್ವಾನ, ತಿಕೋಟಾದ ಶಿಕ್ಷಕಿ ವಿಜಯಲಕ್ಷ್ಮೀ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರ ಸಿದ್ದರಾಮ. ಬರಹದಲ್ಲಿ ಹಳೆಯ ಪರಿಚಯ, ಮುಖ ನೋಡಿದ್ದು ಇದೇ ಮೊದಲು.

“ಮೊನ್ನಿ ನನ್ನ ಅಂಗಡಿಗೆ ಒಬ್ಬ ಪರದೇಶದಂವ ಬಂದಿದ್ದ್ರಿ...” ಎಂದು ಶುರು ಮಾಡಿದ ರಿಜ್ವಾನ ತಟ್ಟನೆ ಗಪ್ಪಾದ.

“ಮುಂದ?” ಉಳಿದ ಮೂವರೂ ಒಟ್ಟಿಗೆ ಬಾಗಿದೆವು.

“ಇರ್ಲಿ ಬಿಡ್ರಿ. ಬರದು ಹಾಕತೇನಿ, ಓದ್ರಿ.”

“ನಮ್ಮ ಸಾಲ್ಯಾಗ ಸಾಹೇಬರು ಬಂದ ದಿನ ಏನಾತಂದ್ರ...” ವಿಜಯಲಕ್ಷ್ಮೀ ಕೂಡ ನಾಲಿಗೆ ಕಚ್ಚಿಕೊಂಡರು. “ಮೊದಲ ನೀವ ಹೇಳ್ರಿ.”

ಸಿದ್ದರಾಮ “ನಮ್ಮ ತ್ವಾಟದಾಗ...” ಎಂದವನೇ ಬಾಯಿಗೆ ಭಜಿ ತುರುಕಿಕೊಂಡ. ನನ್ನ ದಿವ್ಯ ಉಪಾಯವನ್ನೇ ಅವರೂ ಹೊತ್ತು ತಂದಿದ್ದರು. ಕೇಳಲು ನಾಲ್ವರು, ಹೇಳಲು ಒಬ್ಬರಿಲ್ಲ.

ಗೌರಾಬಾಯಿಗೆ ತಡೆಯಲಾಗಲಿಲ್ಲ. “ಅಲ್ರಿ, ಅಷ್ಟ ದೂರದಿಂದ ಬಂದು ಹಿಂಗ ಗಪ್ ಕುಂತ್ರ ಹೆಂಗ? ನಮ್ಮನಿಯವರು ಮಮದಾಪುರ ಕೆರಿಗೆ ಹೋಗಿದ್ದ ಕತಿ ಹೇಳ್ಲ್ಯಾ?”

ಬೇಡವೆಂದು ನಾನು ಕಣ್ಸನ್ನೆ ಮಾಡಿದೆ.

“ಕಣ್ಣಾಗ ಏನ್ ಬಿತ್ರಿ?” ಎಂದವಳು ಉತ್ತರಕ್ಕೂ ಕಾಯಲಿಲ್ಲ. “ಕೆರಿ ದಂಡ್ಯಾಗ ಇವರೊಬ್ಬರ ನಿಂತು, ತಾವ ಬರದದ್ದು ಜೋರಾಗಿ ಓದಾಕತ್ತಾರ. ಎದುರಿಗೆ ನರಪಿಳ್ಳಿ ಇಲ್ಲ! ಆಡು ಮೇಸೂ ಸತ್ಯವ್ವ ಅನ್ನಾಕಿ ನೋಡಿ, ‘ಪಾಪ, ತಲಿ ಕೆಟ್ಟು ಮನಿ ಬಿಟ್ಟು ಬಂದಾನ’ ಅಂದ್ಕೊಂಡಾಳ. ರೊಟ್ಟಿ ಕೊಟ್ಟು, ಕೈ ಹಿಡದು ಬಸ್ಸಿಗೆ ಹತ್ತಿಸಿ, ‘ಇವರನ್ನ ನಡುವ ಇಳಿಸಬ್ಯಾಡಪಾ’ ಅಂತ ಕಂಡಕ್ಟರಗ ಒಪ್ಪಿಸ್ಯಾಳ. ಆ ಕಂಡಕ್ಟರ್ ಇವರ ಫೋನಿನಿಂದನ ನನಗ ಹಚ್ಚಿ, ‘ಅಕ್ಕಾರ, ಯಾರರೆ ಬಂದು ಕರಕೊಂಡು ಹೋಗ್ರಿ’ ಅಂದ!”

“ರೊಟ್ಟಿ ತಿಂದ್ರೇನ್ರಿ?” ವಿಜಯಲಕ್ಷ್ಮೀ ಕೇಳಿದರು.

“ತಿಂದಾರ್ರಿ! ಮ್ಯಾಲ ಚಟ್ನಿ ಬ್ಯಾರೆ ಕೇಳ್ಯಾರ.”

“ಆಡು ಏನ್ ಮಾಡಾಕತ್ತಿದ್ದುವು ಅಕ್ಕಾರ?” ಸಿದ್ದರಾಮನ ಪ್ರಶ್ನೆ.

“ಅವಷ್ಟ ನಿಂತು ಕೇಳಿದ್ವಂತ್ರಿ.”

ನಗೆ ಸೂರು ಮುಟ್ಟಿತು. ನಗುತ್ತಲೇ ಮೂವರೂ ಫೋನು ತೆಗೆದರು. ನನಗೆ ಮಾತ್ರ ಕುಳಿತಲ್ಲೇ ಭೂಮಿಗಿಳಿಯಬೇಕೆನಿಸಿತು. ಚಹಾ ಆರುವ ಮೊದಲೇ ಎಲ್ಲರಿಗೂ ಊರಿಗೆ ಹೋಗುವ ಅವಸರ. ಬಸ್ಸು ಬಬಲೇಶ್ವರ ಮುಟ್ಟುವಷ್ಟರಲ್ಲಿ ಸಿದ್ದರಾಮನ ಬ್ಲಾಗಿನಲ್ಲಿ ನಾನು ರೊಟ್ಟಿ ಮೆಲ್ಲುತ್ತಿದ್ದೆ.

ಹೇಗೂ ಮಾನ ಹೋಯಿತು, ಕಥೆಯಾದರೂ ನನ್ನದಾಗಲಿ ಎಂದು ಮರುದಿನ ಬೆಳಿಗ್ಗೆ ನಾನೂ ಬರೆದು ಹಾಕಿದೆ. ತಕ್ಷಣ ಯಾರೋ ಅಪರಿಚಿತ ಓದುಗರ ಪ್ರತಿಕ್ರಿಯೆ ಬಂತು: ‘ಸಿದ್ದರಾಮ ಅವರ ಬರಹದ ನಕಲು. ಅಷ್ಟು ಚೆನ್ನಾಗಿಯೂ ಇಲ್ಲ.’ ಅದರ ಹಿಂದೆಯೇ ಇನ್ನಷ್ಟು. ನನ್ನ ಬ್ಲಾಗಿಗೆ ಅಷ್ಟು ಜನ ಎಂದೂ ಬಂದಿರಲಿಲ್ಲ. ಬಂದವರೆಲ್ಲ ಕಳ್ಳನನ್ನು ನೋಡಲು ಬಂದಿದ್ದರು.

“ಕೆಳಗ ಅವರ ಹೆಸರ ಹಾಕಿಬಿಡ್ರಿ. ಜಗಳ ಯಾಕ?” ಎಂದಳು ಗೌರಾಬಾಯಿ.

“ಕೆರಿಗೆ ಹೋದಂವ ನಾನು! ರೊಟ್ಟಿ ತಿಂದಂವ ನಾನು!”

“ಖರೆ ಐತ್ರಿ. ಆದ್ರ ಅವರಿಗೆ ಬರಿಯಾಕ ಬರತೈತಿ.”

ಕೊನೆಗೆ ನನ್ನ ಮಾನ ಹೋದ ಕಥೆಯ ಕೆಳಗೆ ನಾನೇ ಸೇರಿಸಿದೆ: ‘ಕೃಪೆ: ಸಿದ್ದರಾಮ, ಬಬಲೇಶ್ವರ.’