ಮಾವನ ಗಾರೆ, ಅಜ್ಜಿಯ ಚೆಂಬು

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ತಮಿಳು ಸೀಮೆಯ ನಮ್ಮೂರು ತೇವಾರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹುಚ್ಚಿಗಾದರೆ ಮದ್ದಿದೆ! ಮಾವನಿಗೆ ಹಿಡಿದದ್ದು ಅಂಗಳ.

ಮಣ್ಣಿನ ಅಂಗಳದಲ್ಲಿ ಅಜ್ಜಿ, ಅಂದರೆ ಅವನ ತಾಯಿ, ಒಮ್ಮೆ ಜಾರಿ ಸೊಂಟ ಉಳುಕಿಸಿಕೊಂಡಿದ್ದಳು. ಅದಕ್ಕೇ ಬಾಗಿಲ ಮುಂದೆ ಚಪ್ಪಡಿ ಹಾಸಿಸಿದ. ಕಲ್ಲೇನೋ ಭದ್ರ; ಕಲ್ಲುಗಳ ನಡುವಿನ ಸಂದುಗಳಿಗೆ ಏನು ತುಂಬಿದರೂ ಕೊಚ್ಚಿಹೋಗುತ್ತಿತ್ತು. ಸಂದು ಖಾಲಿಯಾದರೆ ಕಲ್ಲು ಅಲ್ಲಾಡುತ್ತದೆ, ಕಲ್ಲು ಅಲ್ಲಾಡಿದರೆ ಅಜ್ಜಿ ಮತ್ತೆ ಬೀಳುತ್ತಾಳೆ. ಮಾವ ಮೀಸೆ ಮುಟ್ಟಿ ಹೇಳಿದ: "ಈ ಸಂದು ನಿಲ್ಲಿಸ್ದೆ ಬುಡಾಕಿಲ್ಲ!"

ಮೊದಲು ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ತುಂಬಿದ. ಬೆಲ್ಲಕ್ಕೆ ಇರುವೆ ಬಂತು, ಇರುವೆಗೆ ಕೋಳಿ ಬಂತು, ಕೋಳಿ ಕೆದಕಿದ ಮೇಲೆ ಗಾರೆ ಎಲ್ಲಿ ಬಂತು?

"ಮಾಮ, ಕೋಳಿಗಳಿಗೆ ವಿರುಂದೂಟ ಇಟ್ಟೆಯಾ?" ಎಂದೆ.

"ನಗು, ನಗು. ಊಟ ಮುಗೀಲಿ, ಆಮೇಲೆ ನೋಡು."

ಆಗ ಮೇಲಿನ ಬೆಟ್ಟದಲ್ಲಿ ಸರ್ಕಾರದವರು ಹೊಳೆಗೆ ಅಡ್ಡಗಟ್ಟೆ ಕಟ್ಟುತ್ತಿದ್ದರು. ಮಾವ ಗಾಡಿ ಕಟ್ಟಿಕೊಂಡು ಹೋಗಿ ಅವರ ಗಾರೆಯ ಗುಟ್ಟು ತಿಳಿದು ಬಂದ: ಸುಣ್ಣಕ್ಕೆ ಇಟ್ಟಿಗೆ ಪುಡಿ. ಅತ್ತೆಯ ಒರಳನ್ನೇ ಕಿತ್ತುಕೊಂಡು ಅರೆದ. ಮನೆಯಲ್ಲಿ ವಾರವಿಡೀ ಚಟ್ನಿಯಿಲ್ಲ! ಕೇಳಿದರೆ, "ಹೊಳೇನೇ ನಿಲ್ತದಂತೆ, ಚಟ್ನಿ ಯಾವ ಲೆಕ್ಕ?"

ಬಾಗಿಲ ಮುಂದಿನ ಸಂದು ಮತ್ತೆ ಹೋಯಿತು. ಹೊಳೆಗೆ ಜಗ್ಗದ ಗಾರೆಯನ್ನು ಕಿತ್ತ ಪ್ರವಾಹ ಯಾವುದು ಗೊತ್ತೇ? ಅಜ್ಜಿಯ ಹಿತ್ತಾಳೆ ಚೆಂಬು! ರಂಗೋಲಿಗೆ ಮುಂಚೆ ಬಾಗಿಲಿಗೆ ನೀರು ಹಾಕುವಾಗ ಉಳಿದ ಹೆಂಗಸರು ಚಿಮುಕಿಸುತ್ತಾರೆ, ಅಜ್ಜಿ ಬಾರಿಸುತ್ತಾಳೆ. ಆ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದು ಓಡುತ್ತಿದ್ದವು. ಆಮೇಲೆ ಸಂದಿಗೆ ಕಾಲ್ಬೆರಳು ತೂರಿಸಿ ಕೇಳುವಳು: "ಏನ್ಡಾ, ನಿನ್ನ ಸರ್ಕಾರ್ ಗಾರೆ ನನ್ನ ಒಂದು ಚೆಂಬಿಗೆ ತಾಂಗಾಕಿಲ್ವಾ, ತಡ್ಕಳಾಕಿಲ್ವಾ?" ಇಡೀ ದಿನ ಅದೇ ನಗು.

"ಮಾಮ, ಮೆಲ್ಲಗೆ ಹಾಕು ಅಂತ ಅಜ್ಜಿಗೆ ಹೇಳಬಾರದಾ?"

"ಹೇಳಾಕಿಲ್ಲ. ಸೊಸೆ ಬಂದ್ಮೇಲೆ ಅಡಿಗೆ ಬಿಟ್ಳು, ಸೊಂಟ ಹೋದ್ಮೇಲೆ ಹೊಲ ಬಿಟ್ಳು. ಅವ್ವಂಗೆ ಉಳ್ದಿರೋ ಕೆಲ್ಸ ಇದೊಂದೇ. ಗಾರೇನೇ ಗಟ್ಟಿ ಆಗ್ಬೇಕು." ಮತ್ತೆ ಒರಳಿನ ಮುಂದೆ ಕುಳಿತ.

ಆ ವರ್ಷ ಕಾರ್ತಿಕದ ಮಳೆ ಕಳೆಯಿತು. ಸಂದಿನಿಂದ ಒಂದು ಹರಳೂ ಕದಲಲಿಲ್ಲ! "ಗೆದ್ದೆ ಮಾಮ!" ಎಂದು ನಾನು ಕೂಗಿದೆ. ಅವನು ಬಾಗಿಲ ಕಡೆ ನೋಡುತ್ತಿದ್ದ. ಒಂದೇ ಕೈಯಲ್ಲಿ ಬೀಸಿ ಬಾರಿಸುತ್ತಿದ್ದ ಅಜ್ಜಿ ಈಗ ಎರಡೂ ಕೈಯಲ್ಲಿ ಚೆಂಬು ಎತ್ತಿದ್ದಳು. ನೀರು ಅವಳ ಕಾಲಬುಡದಲ್ಲೇ ಬಿತ್ತು. ಗಟ್ಟಿಯಾಗಿ ಕೂತ ಸಂದನ್ನು ಒಮ್ಮೆ ನೋಡಿ, ಒಳಗೆ ಹೋದಳು. ಆ ದಿನ ರಂಗೋಲಿಯನ್ನೂ ಹಾಕಲಿಲ್ಲ.

ಮರುದಿನ ಅಜ್ಜಿ ಏಳುವ ಮೊದಲೇ ಮಾವ ಉಳಿ ಹಿಡಿದು ಕುಳಿತಿದ್ದ. ನೀರು ಹರಿದುಹೋಗುವ ಗೋಡೆ ಮಗ್ಗುಲಲ್ಲಿ, ಅವಳು ಕಾಲಿಡದ ಕಡೆ, ತಾನೇ ತುಂಬಿದ ಗಾರೆಯನ್ನು ಕೆತ್ತಿ ಕೆತ್ತಿ ತೆಗೆಯುತ್ತಿದ್ದ.

"ಮಾಮ, ಏನಿದು?"

"ಸುಮ್ಕಿರು."

ಅಜ್ಜಿ ಬಂದಳು, ನೀರು ಹಾಕಿದಳು. ಹರಿದ ನೀರಿನ ಹಿಂದೆಯೇ ಕಣ್ಣಾಡಿಸಿ, ಗೋಡೆಯ ಹತ್ತಿರ ನಿಂತಳು. ಮುಖ ಅರಳಿತು.

"ಏನ್ಡಾ! ಮತ್ತೆ ಹೋಯ್ತಾ ನಿನ್ನ ಗಾರೆ?"

ಮಾವ ಉಳಿಯನ್ನು ಬೆನ್ನ ಹಿಂದೆ ಹಿಡಿದು ತಲೆ ತಗ್ಗಿಸಿದ.

"ಹೋಯ್ತವ್ವಾ. ನಿನ್ನ ಕೈ ಮುಂದೆ ಯಾವ ಗಾರೆ ನಿಲ್ತದೆ?"