ಕಳ್ವಾದ ಖೋಲಿಗೆ ಟೆಸ್ಟ್ ಕಾಲ್

ಟೆಸ್ಟರ್ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಡವರ ಮನೆಯ ಟೆಲಿಫೋನ್ ಲೈನ್ ನೋಡುತ್ತ ಅಲೆಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಮನೆಗೆ ಬಂದು ಹೇಳಿಕೊಂಡು ನಗೋಣವೆಂದರೆ ಕಳ್ವಾ ಎಂಬ ಊರಿನ ನನ್ನ ಒಂದೇ ಕೋಣೆಯ ಖೋಲಿಯಲ್ಲಿ ಯಾರೂ ಇಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

೧. ಹಸಿರು ದೀಪ

ಡೊಂಬಿವಲಿಯ ಹೋಟೆಲೊಂದರಲ್ಲಿ ಫೋನೂ ಇಲ್ಲ, ನೆಟ್ಟೂ ಇಲ್ಲ. ಮಾಲೀಕರು ಉಡುಪಿ ಕಡೆಯವರು. ಅವರ ಮೋಡೆಮ್‌ನ ವೈರ್ ಕಿತ್ತು ಟೆಸ್ಟರ್‌ಗೆ ಸಿಕ್ಕಿಸಿದೆ. ಮೋಡೆಮ್ ಮಾಡಬೇಕಾದ್ದನ್ನು ಟೆಸ್ಟರ್ ತಾನೇ ಮಾಡಿ ಎಕ್ಸ್‌ಚೇಂಜನ್ನು ಮಾತಾಡಿಸುತ್ತದೆ. ಅಲ್ಲಿಂದ ಉತ್ತರ ಬಂದರೆ ಹಸಿರು ದೀಪ. ಅಂದರೆ ಲೈನ್ ಸರಿಯಿದೆ, ಕೆಟ್ಟಿರುವುದು ಮೋಡೆಮ್ ಎಂದು ವಿವರಿಸಿದೆ.

"ಹಾಗಾದ್ರೆ ನಿಮ್ಮದನ್ನು ಇಲ್ಲೇ ಬಿಡಿ ಮಾರಾಯ್ರೆ, ನಮ್ಮದನ್ನು ತಕೊಂಡು ಹೋಗಿ" ಎಂದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಟೆಸ್ಟರನ್ನು ದೇವರ ಪಟದ ಕೆಳಗಿಟ್ಟು ಊದುಬತ್ತಿ ಹಚ್ಚಿದ್ದರು.

೨. ಅರ್ಧ ಕಾಫಿ

ಐರೋಲಿಯ ಫ್ಲ್ಯಾಟಿನಲ್ಲಿ ನನ್ನ ಕನ್ನಡ ಕೇಳಿದ್ದೇ ಮನೆಯಾಕೆ ಕಾಫಿ ಮಾಡಿದರು. ಗಂಡ ಎದುರು ಕೂತು ಊರು ಯಾವುದು ಎಂದು ಕೇಳಿದರು. ಮಕ್ಕಳು ಮರಾಠಿಯಲ್ಲೇ ನನ್ನನ್ನು ಕಾಕಾ ಎಂದವು. ಹಬ್ಬದ ಹಾಗಿತ್ತು. ಕಾಫಿ ಅರ್ಧವಾಗುವಷ್ಟರಲ್ಲಿ ಲೈನ್ ಬಂತು, ನೆಟ್ಟೂ ಬಂತು. ನಾಲ್ವರೂ ಒಂದೊಂದು ಮೊಬೈಲ್ ಹಿಡಿದು ಒಂದೊಂದು ಮೂಲೆ ಸೇರಿದರು. "ಬರ್ತೇನೆ" ಎಂದು ಗೋಡೆಗೆ ಹೇಳಿ ನಾನೇ ಬಾಗಿಲು ಎಳೆದುಕೊಂಡೆ.

ಈಗ ಕಾಫಿ ಪೂರ್ತಿ ಮುಗಿಸಿಯೇ ವೈರ್ ಮುಟ್ಟುತ್ತೇನೆ.

೩. ಎಂಗೇಜ್

ಹಸಿರು ದೀಪ ಬಂದ ಮೇಲೂ ಒಂದು ಕಾಲ್ ಮಾಡಿ ನೋಡಬೇಕು. ಜೊತೆಯವರು ಹೆಂಡತಿಗೆ ಮಾಡಿ ಬೈಸಿಕೊಳ್ಳುತ್ತಾರೆ. ನಾನು ಕಳ್ವಾದಲ್ಲಿರುವ ನನ್ನ ಖೋಲಿಯ ಲ್ಯಾಂಡ್‌ಲೈನಿಗೇ ಮಾಡುತ್ತೇನೆ. ರಿಂಗ್ ಕೇಳಿಸಿದರೆ ಸಾಕು. ಎತ್ತುವವರಿಲ್ಲ, ಯಾರಿಗೂ ತೊಂದರೆಯಿಲ್ಲ.

ಮೊನ್ನೆ ಕಲ್ಯಾಣದಿಂದ ಮಾಡಿದರೆ ಯಾರೋ ಎತ್ತಿದರು. ಪಕ್ಕದ ಖೋಲಿಯ ಅಕ್ಕ, ವಿಜಯಪುರದ ಕಡೆಯವರು. ನಲ್ಲಿ ಬಂದಾಗ ನನ್ನ ಡ್ರಮ್ಮಿಗೂ ನೀರು ತುಂಬಿಸಲಿ ಎಂದು ಕೀ ಕೊಟ್ಟಿದ್ದೆ. ಅದು ಬಿಟ್ಟರೆ ನಮ್ಮ ನಡುವೆ ಮಾತಿಲ್ಲ. ನನ್ನ ದನಿ ಅವರಿಗೆ ಗೊತ್ತಾಗಲಿಲ್ಲ.

"ಅಣ್ಣಾರು ಕೆಲಸಕ್ಕ ಹೋಗ್ಯಾರ್ರಿ. ದಿನಾ ಫೋನ್ ಮಾಡೋರು ನೀವೇ ಏನ್ರಿ?"

"ಹೌದು."

"ಛಲೋ ಆತ್ ಬಿಡ್ರಿ. ಅವ್ರಿಗೆ ಯಾರೂ ಇಲ್ಲ ಅಂತ ನಮಗ ಭಾಳ ಕೆಟ್ಟ ಅನಿಸ್ತಿತ್ತು. ಗ್ವಾಡಿ ಆಚಿಂದ ರಿಂಗ್ ಕೇಳಿದ್ರ, ಯಾರೋ ಒಬ್ರು ಅದಾರಲ್ಲ ಅಂತ ಸಮಾಧಾನ."

"ಊಟ ಗೀಟ ಸರಿಯಾಗಿ ಮಾಡ್ತಾನಾ ಅವನು?" ಎಂದು ಕೇಳಿ ಇಟ್ಟುಬಿಟ್ಟೆ.

ಸಂಜೆ ಅಕ್ಕ ಬಾಗಿಲಲ್ಲೇ ಕಾದಿದ್ದರು. ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ರೊಟ್ಟಿ, ಪಲ್ಯ.

"ನಿಮ್ಮವರು ಫೋನ್ ಮಾಡಿದ್ರು. ನಿಮ್ಮ ಊಟದ್ದು ಕೇಳಿದ್ರು. ಅಷ್ಟು ಕಾಳಜಿ ಮಾಡೋರಿಗೆ ನೀವು ಒಂದ್ ದಿನಾನೂ ತಿರುಗಿ ಮಾಡಂಗಿಲ್ಲೇನು? ಈಗ ಹಚ್ಚರಿ, ನಾ ಇಲ್ಲೇ ನಿಂತೀನಿ."

ನನಗೆ ಗೊತ್ತಿದ್ದದ್ದು ಒಂದೇ ನಂಬರು. ಖೋಲಿಯ ಫೋನೆತ್ತಿ ಅದೇ ಫೋನಿನ ನಂಬರಿಗೆ ಹಚ್ಚಿದೆ.

"ಎಂಗೇಜ್ ಬರ್ತಿದೆ ಅಕ್ಕ."

ಅಕ್ಕನ ಮುಖ ಅರಳಿತು. "ನೋಡ್ರಿ, ಅವ್ರೂ ನಿಮಗೇ ಹಚ್ಚಾಕತ್ತಾರ."